ಮಂಟಪದ ಮಂಜು, ದುಡಿಯುವವರ ಕೆಮ್ಮು

ಈಚೆಗೆ ಮದುವೆ ಮನೆಗೆ ಹೋಗಿದ್ದಿರಾ? ಆರತಕ್ಷತೆಗೆ ಹುಡುಗ-ಹುಡುಗಿ ಕೈಹಿಡಿದು ಬರುವಾಗ ಕಾಲಡಿಯಲ್ಲಿ ಬೆಳ್ಳನೆಯ ಮೋಡ ಏಳುತ್ತದೆ. ಫೋಟೋದಲ್ಲಿ ದೇವಲೋಕದ ಹಾಗೇ ಕಾಣುತ್ತೆ, ಸುಳ್ಳಲ್ಲ. ನಮಗದು ಐದು ನಿಮಿಷದ ಚೆಂದ. ಆದರೆ ಯಂತ್ರದ ಪಕ್ಕ ನಿಂತ ಲೈಟಿನ ಹುಡುಗ, ವಿಡಿಯೋದವನು, ಆರ್ಕೆಸ್ಟ್ರಾದಲ್ಲಿ ಹಾಡುವ ಹೆಣ್ಣುಮಗಳು, ಇವರಿಗೆ ಅದೇ ಕೆಲಸದ ಜಾಗ. ಲಗ್ನದ ಕಾಲ ಬಂತೆಂದರೆ ಇವತ್ತೊಂದು ಮಂಟಪ, ನಾಳೆ ಇನ್ನೊಂದು.

“ಬರೀ ನೀರಿನ ಹಬೆ ಕಣಮ್ಮಾ” ಎಂದುಬಿಡುತ್ತಾರೆ. ಬರೀ ನೀರಲ್ಲ. ಯಂತ್ರಕ್ಕೆ ಹಾಕುವ ದ್ರವದಲ್ಲಿ ನೀರಿನ ಜೊತೆ ಗ್ಲೈಕಾಲ್ ಅಥವಾ ಗ್ಲಿಸರಿನ್ ಇರುತ್ತದೆ; ಕೆಲವು ಯಂತ್ರಗಳಲ್ಲಿ ಖನಿಜ ತೈಲ. ಮಳೆಗಾಲದಲ್ಲಿ ಉಪ್ಪು ತೇವ ಹೀರುವುದಿಲ್ಲವೇ, ಗ್ಲೈಕಾಲೂ ಹಾಗೇ. ಅದಕ್ಕೇ ಗಂಟಲು ಒಣಗುವುದು, ಕಣ್ಣು ಉರಿಯುವುದು, ಒಣಕೆಮ್ಮು ಬರುವುದು. ಗಂಟಲನ್ನೇ ನಂಬಿ ಬದುಕುವವರ ಪಾಡೇನು ಹೇಳಿ? ಮಂಜು ಇಳಿದ ನೆಲವೂ ಜಾರುತ್ತದೆ, ಕುಣಿಯುವ ಮಕ್ಕಳಿಗೆ ಎಚ್ಚರ ಹೇಳಿ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನಾಟಕ, ಸಿನಿಮಾ ಮುಂತಾದ ಕಡೆ ದುಡಿಯುವ 101 ಮಂದಿಯನ್ನು ಪರೀಕ್ಷಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಯಂತ್ರಕ್ಕೆ ತೀರ ಹತ್ತಿರ ಕೆಲಸ ಮಾಡುವವರ ಶ್ವಾಸಕೋಶದ ಶಕ್ತಿ ಕಡಿಮೆಯಾಗಿತ್ತು. ಹೆಚ್ಚು ಮಂಜಿನಲ್ಲಿ ದುಡಿದವರಲ್ಲಿ ಉಬ್ಬಸ, ಎದೆ ಬಿಗಿತವೂ ಹೆಚ್ಚು.

ಕೆಲವು ಕಡೆ ಯಂತ್ರದ ಬದಲು ಬಿಸಿನೀರಿಗೆ ಡ್ರೈ ಐಸ್ ಹಾಕುತ್ತಾರೆ. ಇದು ನಮ್ಮ ಶರಬತ್ತಿನ ಐಸಲ್ಲ. ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಚಳಿ. ಬರಿಗೈಲಿ ಹಿಡಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಅದರ ಅನಿಲ ಗಾಳಿಗಿಂತ ಭಾರ, ನೆಲದ ಬಳಿಯೇ ತುಂಬಿಕೊಳ್ಳುತ್ತದೆ. 2020ರಲ್ಲಿ ಮಾಸ್ಕೋದಲ್ಲಿ ಹುಟ್ಟುಹಬ್ಬದ ಸಂಭ್ರಮಕ್ಕೆಂದು ಒಳಾಂಗಣದ ಈಜುಕೊಳಕ್ಕೆ ಡ್ರೈ ಐಸ್ ಸುರಿದು ಮೂವರು ಸತ್ತರು. ಮೋಡದಲ್ಲಿ ಆಡಲು ಓಡುವ ಪುಟಾಣಿಗಳನ್ನು ಹಿಂದಕ್ಕೆ ಎಳೆದುಕೊಳ್ಳಿ.

ನಿಮ್ಮ ಮನೆಯ ಮದುವೆಯಾದರೆ, ನನ್ನನ್ನು ಕೇಳಿದರೆ, ಆ ದುಡ್ಡಿಗೆ ಇನ್ನೆರಡು ಮಾರು ಮಲ್ಲಿಗೆ ತರಿಸಿ. ಮಕ್ಕಳು ಹಠ ಹಿಡಿದರೆ ಯಂತ್ರವನ್ನು ಎರಡೇ ನಿಮಿಷ ಬಿಡಿಸಿ, ಬಾಗಿಲು-ಕಿಟಕಿ ತೆಗೆಸಿ, ಉಬ್ಬಸ ಇರುವ ಅಜ್ಜಿಯನ್ನು ಹಿಂದಿನ ಸಾಲಿನಲ್ಲಿ ಕೂರಿಸಿ. ಮನೆಯ ಹುಡುಗನೇ ಇಂಥ ಕೆಲಸಕ್ಕೆ ಹೋಗುತ್ತಿದ್ದು, ವಾರಗಟ್ಟಲೆ ಕೆಮ್ಮುತ್ತಿದ್ದರೆ, ಕಷಾಯ ಕೊಟ್ಟು ಸುಮ್ಮನಾಗಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅವನ ಕೆಲಸ ಏನೂಂತ ಬಿಡಿಸಿ ಹೇಳಿ.