ದ್ರೌಪದಿಯ ಪ್ರಶ್ನೆ, ಅಮ್ಮನ ಬಳೆ

ಕಾಮರ್ಸಿನವಳಿಗೆ ಕಾವ್ಯದ ಗೊಡವೆ ಯಾಕೆ ಅಂತ ಕನ್ನಡ ಸಂಘದ ಗೆಳೆಯರು ನನ್ನನ್ನು ಚೇಷ್ಟೆ ಮಾಡುವುದುಂಟು. ಏಳನೆಯ ಇಯತ್ತೆಯ ತನಕ ಕನ್ನಡ ಮಾಧ್ಯಮದಲ್ಲಿ ಕಲಿತವಳು ನಾನು, ಅಷ್ಟು ಬೇಗ ಬಿಡೋದು ಹೇಗೆ? ಅದೂ ಅಲ್ಲದೆ, ದ್ರೌಪದಿ ನನಗೆ ಸರಿಯಾಗಿ ಅರ್ಥವಾದದ್ದೇ ಮರ್ಕೆಂಟೈಲ್ ಲಾ ತರಗತಿಯಲ್ಲಿ. ನಗಬೇಡಿ.

1930ರ ಸರಕು ಮಾರಾಟ ಕಾಯ್ದೆಯ 27ನೆಯ ಕಲಮಿನ ಸಾರ ಇಷ್ಟೆ: ಕೆಲವು ವಿನಾಯಿತಿ ಬಿಟ್ಟರೆ, ಮಾರುವವನಿಗೇ ಇಲ್ಲದ ಹಕ್ಕು ಕೊಳ್ಳುವವನಿಗೆ ಬರುವುದಿಲ್ಲ. ಸಭಾಪರ್ವದಲ್ಲಿ ದ್ರೌಪದಿ ಕೇಳಿದ್ದೂ ಇದನ್ನೇ ಅಲ್ಲವೆ? ಕರೆಯಲು ಬಂದ ಪ್ರಾತಿಕಾಮಿಯನ್ನು ಅವಳು ಹಿಂದಕ್ಕೆ ಕಳಿಸುತ್ತಾಳೆ. ಧರ್ಮರಾಯ ಮೊದಲು ಸೋತದ್ದು ತನ್ನನ್ನೋ ನನ್ನನ್ನೋ, ಕೇಳಿಕೊಂಡು ಬಾ ಅಂತಾಳೆ. ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣಕ್ಕಿಡುವ ಹಕ್ಕೆಲ್ಲಿ? ನನ್ನ ತಕರಾರು ಇನ್ನೂ ಒಂದಿದೆ. ಅವಳನ್ನೇ ಮೊದಲು ಇಟ್ಟಿದ್ದರೆ ಸರಿಯಾಗುತ್ತಿತ್ತೇ? ಹೆಂಡತಿ ಸರಕೇ?

ಭೀಷ್ಮರು ಧರ್ಮ ಸೂಕ್ಷ್ಮ ಅಂತ ಜಾರಿಕೊಂಡರು. ಕೌರವರಲ್ಲಿ ವಿಕರ್ಣನೊಬ್ಬ ಅವಳ ಪರ ಮಾತಾಡಿದ. ಕೊನೆಗೆ ಧೃತರಾಷ್ಟ್ರ ವರ ಕೊಟ್ಟಾಗ ಅವಳು ಬಿಡಿಸಿಕೊಂಡದ್ದು ಗಂಡಂದಿರನ್ನು. ಮೂರನೆಯ ವರ ಬೇಡವೆಂದಳು. ಪ್ರಶ್ನೆಗೆ ಉತ್ತರ ಮಾತ್ರ ಯಾರೂ ಕೊಡಲಿಲ್ಲ.

ಗ್ರೀಕರ ಕಾವ್ಯದಲ್ಲೂ ಹೆಣ್ಣು ಪಣವೇ. ಹೋಮರನ ಇಲಿಯಡ್ ಶುರುವಾಗುವುದೇ ಬ್ರಿಸೇಯಿಸ್ ಎಂಬ ಸೆರೆಯಾಳಿಗಾಗಿ ಇಬ್ಬರು ವೀರರು ಮಾಡುವ ಜಗಳದಿಂದ. ಅವಳನ್ನು ಯಾರೂ ಕೇಳುವುದಿಲ್ಲ. ಅವಳು ಬಾಯಿ ಬಿಡುವುದು 19ನೆಯ ಪರ್ವದಲ್ಲಿ, ಅದೂ ಪೆಟ್ರೋಕ್ಲಸನ ಹೆಣದ ಮುಂದೆ ಅಳುತ್ತಾ. ಒಡಿಸ್ಸಿಯ ಪೆನಲೋಪಿ ಜಾಣೆ. ಹಗಲು ನೇಯ್ದದ್ದನ್ನು ರಾತ್ರಿ ಬಿಚ್ಚಿ, ಮದುವೆಯಾಗಲು ಬಂದವರನ್ನು ಮೂರು ವರ್ಷ ಏಮಾರಿಸುತ್ತಾಳೆ. ಆದರೂ ಮೊದಲ ಪರ್ವದಲ್ಲೇ ಮಗ ಅವಳಿಗೆ, ಮಾತು ಗಂಡಸರ ಕೆಲಸ, ನೀನು ಮೇಲೆ ಹೋಗಿ ಮಗ್ಗ ನೋಡಿಕೋ ಅಂತಾನೆ. ಅವಳ ಬಲವೆಲ್ಲ ಗುಟ್ಟಿನದು. ದ್ರೌಪದಿಯದು ತುಂಬಿದ ಸಭೆಯಲ್ಲಿ. ಅದಕ್ಕೇ ನನಗೆ ಅವಳು ದೊಡ್ಡವಳು.

ಇದೆಲ್ಲ ಹಳೇ ಕತೆ ಅನ್ನುವವರು ನಮ್ಮ ಮುಲುಂಡಿನ ಮನೆಗೆ ಬನ್ನಿ. ಅಮ್ಮನ ಬಳೆಗಳು ಎರಡು ಸಲ ಅಡವಿಗೆ ಹೋಗಿವೆ. ಅಪ್ಪ ಕೆಟ್ಟವರಲ್ಲ, ಎರಡು ಸಲವೂ ಬಿಡಿಸಿ ತಂದರು. ಆದರೆ ಇಡುವಾಗ ಅಮ್ಮನನ್ನು ಕೇಳಲಿಲ್ಲ, ಹೇಳಿದರು ಅಷ್ಟೆ. ಸ್ತ್ರೀಧನ ಹೆಂಡತಿಯದೇ ಸ್ವತ್ತು ಅಂತ ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ ಅಂತ ಅಮ್ಮನಿಗೆ ಹೇಳಿದೆ. ಸೊಪ್ಪು ಹೆಚ್ಚುತ್ತಿದ್ದವಳು ತಲೆಯೆತ್ತಲಿಲ್ಲ. "ಕೇಳಿದ್ರೆ ನಾನೇ ತೆಗೆದು ಕೊಡ್ತಿದ್ದೆ ಮಗಾ" ಅಂದಳು.

ದ್ರೌಪದಿಯ ಪ್ರಸಂಗವೆಂದರೆ ನಮಗೆ ನೆನಪಾಗುವುದು ಬಿಚ್ಚಿದ ಮುಡಿ, ಮುಗಿಯದ ಸೀರೆ, ಕೃಷ್ಣನನ್ನು ಕರೆಯುವ ಕೂಗು. ಪ್ರಶ್ನೆ ಎರಡು ಮಾತಿನಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಸಂಘದವರಲ್ಲಿ ನನ್ನದೊಂದು ವಿನಂತಿ. ಸ್ನೇಹ ಸಮ್ಮೇಳನದಲ್ಲಿ ಆ ದೃಶ್ಯ ಆಡುವುದಾದರೆ ಸೀರೆಯ ಎಳೆದಾಟ ಕಡಿಮೆ ಮಾಡಿ, ದ್ರೌಪದಿಗೆ ತನ್ನ ವಾದ ಪೂರ್ತಿ ಹೇಳಲು ಬಿಡಿ. ಮುಂದಿನ ಸಾಲಿನಲ್ಲಿ ಅಮ್ಮಂದಿರನ್ನು ಕೂರಿಸಿ. ಅಪ್ಪಂದಿರೂ ಬರಲಿ.