ತಾಯಿಯನ್ನು ದೂರುವ ಮುನ್ನ ಮಗುವಿನ ತಲೆಯನ್ನು ಅಳೆಯಿರಿ

ಹಸುಗೂಸಿನ ತಲೆ ಮಿತಿಮೀರಿ ಬೆಳೆಯುತ್ತಿದ್ದರೆ ಅಥವಾ ಅದರ ಆಕಾರ ಓರೆಯಾಗಿದ್ದರೆ ನಮ್ಮ ಮನೆಗಳಲ್ಲಿ ಮೊದಲು ವಿಚಾರಣೆಗೆ ಗುರಿಯಾಗುವವಳು ತಾಯಿ. ಗ್ರಹಣದಂದು ಹೊರಗೆ ಹೋಗಿದ್ದಳೇ? ಯಾರ ದೃಷ್ಟಿ ತಗುಲಿತು? ಬಳಿಕ ತಾಯಿತ, ಎಣ್ಣೆ ತಿಕ್ಕುವಿಕೆ ಮತ್ತು 'ಬೆಳೆದಂತೆ ಸರಿಹೋಗುತ್ತದೆ' ಎಂಬ ಹಿರಿಯರ ಸಮಾಧಾನ. ಮಗುವಿನ ಪಾಲಿಗೆ ಈ ಸಮಾಧಾನದಷ್ಟು ಅಪಾಯಕಾರಿಯಾದುದು ಬೇರೊಂದಿಲ್ಲ ಎಂದು ನಾವು ಹೇಳಬಯಸುತ್ತೇವೆ.

ಹುಟ್ಟುವಾಗ ಸುಮಾರು 35 ಸೆಂ.ಮೀ. ಇರುವ ತಲೆಯ ಸುತ್ತಳತೆ ಮೊದಲ ವರ್ಷದಲ್ಲೇ ಸುಮಾರು 12 ಸೆಂ.ಮೀ. ಹೆಚ್ಚುತ್ತದೆ. ಮೆದುಳು ಅತಿ ವೇಗವಾಗಿ ಬೆಳೆಯುವ ಕಾಲವಿದು. ಮೆದುಳಿನೊಳಗೆ ದ್ರವ ತುಂಬುವ ಹೈಡ್ರೋಸೆಫಲಸ್‌ಗೆ ಚಿಕಿತ್ಸೆ ತಡವಾದರೆ ಹಾನಿ ಶಾಶ್ವತವಾಗಬಹುದು. ತಲೆಬುರುಡೆಯ ಮೂಳೆಗಳು ಅಕಾಲದಲ್ಲಿ ಬೆಸೆದುಕೊಂಡಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲ ವರ್ಷವೇ ಸೂಕ್ತ ಸಮಯ.

'ಸ್ಕ್ಯಾನಿಂಗ್ ಎಂದರೆ ಹಣ ಸುಲಿಯುವ ದಂಧೆ' ಎನ್ನುವವರಿದ್ದಾರೆ. ಅನಗತ್ಯ ಸ್ಕ್ಯಾನಿಂಗನ್ನು ನಾವೂ ವಿರೋಧಿಸುತ್ತೇವೆ. ಒಂದೇ ಮಗ್ಗುಲಲ್ಲಿ ಮಲಗಿಸಿದ್ದರಿಂದ ಚಪ್ಪಟೆಯಾದ ತಲೆಯನ್ನು ಅನುಭವಿ ವೈದ್ಯರು ಸಾಮಾನ್ಯವಾಗಿ ನೋಡಿ, ಮುಟ್ಟಿಯೇ ಗುರುತಿಸಬಲ್ಲರು. ಆದರೆ ಸಂಶಯವಿದ್ದಾಗ ಪರೀಕ್ಷೆ ಮಾಡಿಸದಿರುವುದು ಉಳಿತಾಯವೇ? ನೆತ್ತಿಯ ಮೆತ್ತನೆಯ ಜಾಗ ಮುಚ್ಚುವ ಮುನ್ನ ಅದರ ಮೂಲಕವೇ ಅಲ್ಟ್ರಾಸೌಂಡ್‌ನಿಂದ ಮೆದುಳನ್ನು ನೋಡಬಹುದು. ಅದರಲ್ಲಿ ವಿಕಿರಣವಿಲ್ಲ, ಅರಿವಳಿಕೆಯೂ ಬೇಕಿಲ್ಲ. ಮೆದುಳಿನ ರಚನೆಯ ಸೂಕ್ಷ್ಮ ದೋಷಗಳನ್ನು ಎಂಆರ್‌ಐ ತೋರಿಸುತ್ತದೆ. ಮೂಳೆಗಳ ಬೆಸುಗೆಯನ್ನು ಸಿಟಿ ಸ್ಕ್ಯಾನ್ ಸ್ಪಷ್ಟಪಡಿಸುತ್ತದೆ; ಅದರಲ್ಲಿ ವಿಕಿರಣವಿರುವುದರಿಂದ ಅಗತ್ಯವೇನೆಂದು ಕೇಳುವ ಹಕ್ಕು ಹೆತ್ತವರಿಗಿದೆ. ಬಡತನದ ನೆಪವೂ ಇಲ್ಲಿ ಪೂರ್ತಿ ಸಲ್ಲದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜನ್ಮಜಾತ ದೋಷಗಳ ತಪಾಸಣೆ ಉಚಿತ. ಅಂಗನವಾಡಿಗೆ ಬರುವ ವೈದ್ಯರ ತಂಡದಿಂದ ಮಗುವನ್ನು ಅಡಗಿಸಿಡುವುದೇಕೆ?

ಇನ್ನು ತಾಯಿಯ 'ಅಪರಾಧ'ದ ಮಾತು. ಇಂತಹ ದೋಷಗಳ ಹಿಂದೆ ವಂಶವಾಹಿಗಳಿರಬಹುದು, ಗರ್ಭದಲ್ಲಿ ತಗುಲಿದ ರುಬೆಲ್ಲಾದಂತಹ ಸೋಂಕಿರಬಹುದು, ಫೋಲಿಕ್ ಆಮ್ಲದ ಕೊರತೆಯಿರಬಹುದು. ಹಲವು ಬಾರಿ ಕಾರಣವೇ ಸಿಗದು. ವಂಶವಾಹಿಗಳ ಅರ್ಧಪಾಲು ತಂದೆಯದು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ಮಾಡಿಸಿದ ಹಿರಿಯರು ಸೊಸೆಯೊಬ್ಬಳನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ಯಾವ ನ್ಯಾಯ?

ಕೆಲವೇ ರೂಪಾಯಿಯ ಅಳತೆ ಪಟ್ಟಿ ಸಾಕು, ಅಪಾಯದ ಮೊದಲ ಸುಳಿವು ಸಿಗಲು. ಪ್ರತಿ ಲಸಿಕೆಯ ದಿನ ಮಗುವಿನ ತಲೆಯನ್ನು ಅಳೆಸಿ, ತಾಯಿ ಕಾರ್ಡಿನಲ್ಲಿ ಬರೆಸಿ. ಅಳತೆ ದಾರಿ ತಪ್ಪಿದರೆ ಅದೇ ವಾರ ಮಕ್ಕಳ ತಜ್ಞರ ಬಳಿಗೆ ಹೋಗಿ. ಯಾರದು ತಪ್ಪು ಎಂದು ಹುಡುಕುತ್ತಾ ಕಳೆದ ತಿಂಗಳುಗಳನ್ನು ಆ ಮಗುವಿಗೆ ಯಾರೂ ಮರಳಿ ಕೊಡಲಾರರು.