ಕೊನೆಯಲ್ಲಿ ಬರುವ ‘ಇಲ್ಲ’

ಪುಣೆಯ ಎಂ.ಜಿ. ರಸ್ತೆಯಲ್ಲೋ ಈಸ್ಟ್ ಸ್ಟ್ರೀಟಿನಲ್ಲೋ ಅಂಗಡಿ ಇಟ್ಟವರು ಪರವಾನಗಿಗಾಗಿ ಮಹಾನಗರ ಪಾಲಿಕೆಗೆ ಹೋಗುವುದಿಲ್ಲ. ಊರಿನವರೆಲ್ಲ ಕ್ಯಾಂಪ್ ಎಂದೇ ಕರೆಯುವ ಈ ಭಾಗ ಬ್ರಿಟಿಷರ ಕಾಲದ ದಂಡುಪ್ರದೇಶ. ಇಲ್ಲಿ ನಗರಾಡಳಿತ ನಡೆಸುವುದು ರಕ್ಷಣಾ ಸಚಿವಾಲಯದ ಅಡಿಯಲ್ಲಿರುವ ಕಂಟೋನ್ಮೆಂಟ್ ಬೋರ್ಡು. 2021ರ ಫೆಬ್ರವರಿ 16ರಂದು ಇಂಥ ಬೋರ್ಡುಗಳಿಗೆಲ್ಲ ಸೇರಿ ‘ಇ-ಛಾವನಿ’ ಎಂಬ ಒಂದೇ ಜಾಲತಾಣ ಶುರುವಾಯಿತು. ಆಗ ದೇಶದಲ್ಲಿದ್ದ ಬೋರ್ಡುಗಳು 62. ಪುಣೆಯಲ್ಲೇ ಕ್ಯಾಂಪ್, ಖಡ್ಕಿ, ದೇಹು ರೋಡ್ ಎಂದು ಮೂರು. ಕರ್ನಾಟಕದಲ್ಲಿ ಬೆಳಗಾವಿ ಒಂದೇ. ತಮಿಳುನಾಡಿನ ವೆಲಿಂಗ್ಟನ್, ಕೇರಳದ ಕಣ್ಣೂರು, ತೆಲಂಗಾಣದ ಸಿಕಂದರಾಬಾದ್ ಕೂಡ ಈ ಪಟ್ಟಿಯಲ್ಲಿದ್ದವು.

ಈ ತಾಣವನ್ನು ಕಟ್ಟಿದವರಲ್ಲಿ ಬೆಂಗಳೂರಿನ ಇ-ಗವರ್ನಮೆಂಟ್ಸ್ ಫೌಂಡೇಶನ್ ಒಂದು. ಅದರ ‘ಡಿಜಿಟ್’ ಎಂಬ ಮುಕ್ತ ತಂತ್ರಾಂಶದಲ್ಲಿ ಪರದೆಯ ಮೇಲೆ ಕಾಣುವ ಭಾಗವನ್ನು ರಿಯಾಕ್ಟ್‌ನಲ್ಲಿ ಬರೆಯಲಾಗಿದೆ. ಬಟನ್, ದಿನಾಂಕದ ಚೌಕ, ಆಯ್ಕೆಪಟ್ಟಿ, ‘ಅರ್ಜಿ ತಲುಪಿದೆ’ ಎನ್ನುವ ಹಸಿರು ಪಟ್ಟಿ ಮುಂತಾದವು ಒಂದೇ ಕಾಂಪೊನೆಂಟ್ ಸಂಗ್ರಹದಿಂದ ಬರುತ್ತವೆ. ಪದಗಳು ಪರದೆಯೊಳಗೆ ಇರುವುದಿಲ್ಲ. ಪ್ರತಿಯೊಂದು ಪದಕ್ಕೂ ಒಂದು ಗುರುತು ಇದ್ದು, ಆರಿಸಿದ ಭಾಷೆಗೆ ತಕ್ಕ ಪದ ಬೇರೆ ಕಡೆಯಿಂದ ಬಂದು ಅಲ್ಲಿ ಕೂರುತ್ತದೆ. ಸರ್ಕಾರವಿರಲಿ, ಬ್ಯಾಂಕಿರಲಿ, ಪುಣೆ ಬೆಂಗಳೂರುಗಳ ಸಾಫ್ಟ್‌ವೇರ್ ಕಂಪನಿಗಳಿರಲಿ, ಈಗ ಎಲ್ಲರೂ ಹಿಡಿದಿರುವುದು ಇದೇ ದಾರಿ. ಇದಕ್ಕೆ ಡಿಸೈನ್ ಸಿಸ್ಟಮ್ ಎಂದು ಹೆಸರು.

ದಾರಿಯೇನೋ ಒಳ್ಳೆಯದೇ. ಹತ್ತು ತಂಡಗಳು ಹತ್ತು ಬಗೆಯ ಬಟನ್ ಮಾಡುವುದು ತಪ್ಪುತ್ತದೆ. ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಅರ್ಥವಾಗುವಂತೆ ಒಂದು ಬಟನ್ನನ್ನು ತಿದ್ದಿದರೆ ಎಲ್ಲ ಪುಟಗಳಲ್ಲೂ ತಿದ್ದಿದಂತಾಗುತ್ತದೆ. ಬೆಳಗಾವಿಯಿಂದ ಪುಣೆಗೆ ವರ್ಗವಾಗಿ ಬಂದ ಕುಟುಂಬಕ್ಕೆ ಹೊಸ ಅರ್ಜಿ ಹಳೆಯದರಂತೆಯೇ ಕಾಣುತ್ತದೆ. ಇಷ್ಟರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಈ ಸಂಗ್ರಹವನ್ನು ತಂದು ಅಳವಡಿಸುವ ಕ್ರಮದಲ್ಲಿ.

ಸಾಮಾನ್ಯವಾಗಿ ಅಳವಡಿಕೆ ನಡೆಯುವುದು ಹೀಗೆ. ಸಂಗ್ರಹವನ್ನು ತರುತ್ತಾರೆ, ಬಣ್ಣ ಮತ್ತು ಅಕ್ಷರದ ಗಾತ್ರವನ್ನು ಹೊಂದಿಸುತ್ತಾರೆ. ಹಳೆಯ ಪುಟಗಳ ಶೈಲಿ ಹೊಸದರ ಮೇಲೆ ಹರಿಹಾಯದಂತೆ ಪುಟ ಪುಟವಾಗಿ ಬದಲಿಸುತ್ತಾರೆ. ಎಲ್ಲವನ್ನೂ ಇಂಗ್ಲಿಷಿನಲ್ಲಿ ನೋಡಿ ‘ಮುಗಿಯಿತು’ ಎನ್ನುತ್ತಾರೆ. ಆಮೇಲೆ ಅನುವಾದದ ಕಡತ ಬರುತ್ತದೆ. ಅಂದರೆ ಭಾಷೆ ಬಂದು ಸೇರುವ ಹೊತ್ತಿಗೆ ಪೆಟ್ಟಿಗೆಗಳ ಅಳತೆ ಗಟ್ಟಿಯಾಗಿರುತ್ತದೆ. ಮನೆ ಕಟ್ಟಿ ಮುಗಿಸಿದ ಮೇಲೆ ಇರುವವರ ಎತ್ತರ ಕೇಳಿದ ಹಾಗೆ.

ಇದರ ಮೊದಲ ಪೆಟ್ಟು ಒತ್ತಕ್ಷರಕ್ಕೆ. ಇಂಗ್ಲಿಷ್ ಅಕ್ಷರಗಳು ಒಂದು ಗೆರೆಯ ಮೇಲೆ ಕೂರುತ್ತವೆ, ಕೆಳಗೆ ಇಳಿಯುವ ಬಾಲ ಚಿಕ್ಕದು. ಕನ್ನಡದ ‘ರಾಷ್ಟ್ರೀಯತೆ’ಯಲ್ಲಿ ಷಕಾರದ ಬುಡದಲ್ಲಿ ಎರಡು ಒತ್ತುಗಳಿವೆ. ಪೆಟ್ಟಿಗೆಯ ಎತ್ತರವನ್ನು ಬಿಗಿಯಾಗಿ ಕಟ್ಟಿ ಹೊರಗೆ ಬಂದದ್ದನ್ನು ಮರೆಮಾಡು ಎಂದು ಬರೆದಿದ್ದರೆ ಒತ್ತುಗಳ ಬುಡ ಕತ್ತರಿಸಿ ಹೋಗುತ್ತದೆ. ಇದು ಗೊತ್ತಿಲ್ಲದ ಸಂಗತಿಯೂ ಅಲ್ಲ. 2014ರಲ್ಲಿ ಬಂದ ಗೂಗಲ್‌ನ ಮಟೀರಿಯಲ್ ಡಿಸೈನ್ ಹಿಂದಿ, ತೆಲುಗು, ಥಾಯ್‌ನಂಥ ಭಾಷೆಗಳನ್ನು ‘ಎತ್ತರದ’ ಲಿಪಿಗಳೆಂದು ಬೇರೆಯಾಗಿ ಗುರುತಿಸಿ, ಅವುಗಳಿಗೆ ಸಾಲಿನ ಎತ್ತರ ಹೆಚ್ಚು ಬೇಕು ಎಂದು ಹೇಳಿತ್ತು. ಅದೇ ಮಟೀರಿಯಲ್ ಆಗ ಬಟನ್‌ಗಳ ಮೇಲಿನ ಪದಗಳನ್ನು ದೊಡ್ಡಕ್ಷರಗಳಲ್ಲಿ ತೋರಿಸಿ ಅವುಗಳಿಗೆ ಒತ್ತು ಕೊಡುತ್ತಿತ್ತು. ದೊಡ್ಡಕ್ಷರ ಸಣ್ಣಕ್ಷರಗಳ ಭೇದವೇ ಇಲ್ಲದ ಕನ್ನಡ, ಮರಾಠಿಗಳಲ್ಲಿ ಆ ಆಜ್ಞೆ ಏನೂ ಮಾಡುವುದಿಲ್ಲ; ಬಟನ್ ಸುಮ್ಮನೆ ಉಳಿದ ಪಠ್ಯದೊಳಗೆ ಕರಗುತ್ತದೆ.

ಕತ್ತರಿಸಿದ ಒತ್ತು ಕಣ್ಣಿಗೆ ಚುಚ್ಚುತ್ತದೆ, ಆದರೆ ಓದುಗರು ಊಹಿಸಿಕೊಳ್ಳಬಹುದು. ಊಹೆಗೂ ಎಡೆಯಿಲ್ಲದ ಅಪಾಯ ಮೂರು ಚುಕ್ಕೆಗಳದು. ಜಾಗ ಸಾಲದಿದ್ದರೆ ವಾಕ್ಯವನ್ನು ಕತ್ತರಿಸಿ ಕೊನೆಗೆ ಮೂರು ಚುಕ್ಕೆ ಇಡುವುದು ಬಹುಪಾಲು ಕಾಂಪೊನೆಂಟ್‌ಗಳಲ್ಲಿ ಇರುವ ಸೌಲಭ್ಯ. ಇಂಗ್ಲಿಷಿನಲ್ಲಿ ನಿರಾಕರಣೆಯ ‘ನಾಟ್’ ಕ್ರಿಯಾಪದಕ್ಕಿಂತ ಮುಂಚೆಯೇ ಬರುತ್ತದೆ, ಬಾಲ ಕತ್ತರಿಸಿದರೂ ಸಾಮಾನ್ಯವಾಗಿ ಸುದ್ದಿ ಉಳಿಯುತ್ತದೆ. ಕನ್ನಡದಲ್ಲಿ ಸುದ್ದಿ ಇರುವುದೇ ಬಾಲದಲ್ಲಿ. ‘ನಿಮ್ಮ ಅರ್ಜಿಯನ್ನು ಸ್ವೀಕರಿಸಲಾಗಿದೆ’, ‘ನಿಮ್ಮ ಅರ್ಜಿಯನ್ನು ಸ್ವೀಕರಿಸಲಾಗಿಲ್ಲ’ ಎಂಬ ಎರಡು ವಾಕ್ಯಗಳಿಗೆ ವ್ಯತ್ಯಾಸ ಕಟ್ಟಕಡೆಯಲ್ಲಿ ಮಾತ್ರ. ಫೋನಿನ ಕಿರಿದಾದ ಪರದೆಯಲ್ಲಿ ಎರಡೂ ‘ನಿಮ್ಮ ಅರ್ಜಿಯನ್ನು ಸ್ವೀಕರಿಸಲಾಗಿ…’ ಎಂದೇ ಕಾಣುತ್ತವೆ. ಮರಾಠಿಯ ಕಥೆಯೂ ಇದೇ. ‘ಅರ್ಜ ಸ್ವೀಕಾರಲಾ ಆಹೇ’, ‘ಅರ್ಜ ಸ್ವೀಕಾರಲಾ ನಾಹೀ’ ಎಂಬಲ್ಲೂ ಹೌದು ಅಲ್ಲಗಳು ತುದಿಗೇ ನಿಲ್ಲುತ್ತವೆ. ಇಂಥ ಕಾಂಪೊನೆಂಟ್ ಸಿಕ್ಕರೆ ಕ್ಯಾಂಪಿನ ಅಂಗಡಿಯವರಿಗೂ ಬೆಳಗಾವಿಯ ಅಂಗಡಿಯವರಿಗೂ ತಮ್ಮ ಪರವಾನಗಿ ನವೀಕರಣವಾಯಿತೋ ಇಲ್ಲವೋ ತಿಳಿಯದು. ಗಡುವು ಮೀರಿದ ಮೇಲೆ ದಂಡ ಕಟ್ಟಬೇಕಾದವರು ಅವರೇ, ಚುಕ್ಕೆ ಇಟ್ಟವರಲ್ಲ.

ಮೂರನೆಯದು ವಾಕ್ಯವನ್ನು ತುಂಡುಗಳಿಂದ ಹೊಲಿಯುವ ಅಭ್ಯಾಸ. ಊರಿನ ಹೆಸರಿಗೆ ಜಾಗ ಬಿಟ್ಟು, ಪಕ್ಕದಲ್ಲಿ ‘ಅಲ್ಲಿ’ ಎಂದು ಅಂಟಿಸಿದರೆ ಸಾಕು ಎಂದುಕೊಳ್ಳುತ್ತಾರೆ. ಆದರೆ ಪುಣೆ ‘ಪುಣೆಯಲ್ಲಿ’ ಆಗುತ್ತದೆ, ಸಿಕಂದರಾಬಾದ್ ‘ಸಿಕಂದರಾಬಾದಿನಲ್ಲಿ’ ಆಗುತ್ತದೆ, ಕಣ್ಣೂರು ‘ಕಣ್ಣೂರಿನಲ್ಲಿ’ ಆಗುತ್ತದೆ. ಶಾಲೆಯ ಮಕ್ಕಳಿಗೂ ನಾಲಿಗೆ ತುದಿಯಲ್ಲಿರುವ ಈ ಸಂಧಿ ಕಾಂಪೊನೆಂಟಿಗೆ ಗೊತ್ತಿಲ್ಲ. ವಾಕ್ಯವನ್ನು ಇಡಿಯಾಗಿ ಅನುವಾದಕರ ಕೈಗೆ ಕೊಟ್ಟರೆ, ‘ಬೋರ್ಡು: ಪುಣೆ’ ಎಂದು ಹೆಸರನ್ನು ಬೇರೆ ಸಾಲಿನಲ್ಲಿ ಇಟ್ಟುಕೊಳ್ಳುವ ಜಾಣತನ ಅವರಿಗಿದೆ. ತುಂಡುಗಳನ್ನು ಕೊಟ್ಟರೆ ಅವರ ಕೈ ಕಟ್ಟಿದಂತೆ.

ಇದಕ್ಕೆ ಪ್ರತಿವಾದವೂ ಉಂಟು. ಭಾಷೆಗೊಂದು, ಬೋರ್ಡಿಗೊಂದು ವಿನಾಯಿತಿ ಕೊಡುತ್ತ ಹೋದರೆ 62 ಬಗೆಯ ಬಟನ್‌ಗಳಾಗುತ್ತವೆ, ಡಿಸೈನ್ ಸಿಸ್ಟಮ್ ಇದ್ದೂ ಇಲ್ಲದಂತಾಗುತ್ತದೆ ಎನ್ನುವವರ ಮಾತು ಸುಳ್ಳಲ್ಲ. ಪುಟದಲ್ಲಿ ಮಾಡಿದ ತೇಪೆ ಸಂಗ್ರಹದ ಮುಂದಿನ ಆವೃತ್ತಿ ಬಂದಾಗ ಕಿತ್ತುಹೋಗುತ್ತದೆ, ಮತ್ತೆ ಹೊಲಿಯಬೇಕು. ಹಾಗಾಗಿ ಒಂದೊಂದು ಪುಟವನ್ನು ಬಗ್ಗಿಸುತ್ತ ಕೂರುವುದು ಪರಿಹಾರವಲ್ಲ. ತಳದಲ್ಲಿರುವ ಸಂಗ್ರಹವೇ ಬದಲಾಗಬೇಕು.

ತಳದಲ್ಲಿ ಸರಿಪಡಿಸುವ ಪಾಠಕ್ಕೆ ಪುಣೆಯವರು ದೂರ ಹೋಗಬೇಕಾಗಿಲ್ಲ. 1988ರಲ್ಲಿ ಈ ಊರಿನಲ್ಲೇ ಶುರುವಾದ ಸಿ-ಡ್ಯಾಕ್, ಐಐಟಿ ಕಾನ್ಪುರದಲ್ಲಿ ಹುಟ್ಟಿದ ಜಿಸ್ಟ್ ತಂತ್ರಜ್ಞಾನವನ್ನು ಬೆಳೆಸಿತು. ಪಿಸಿಯೊಳಗೆ ಜಿಸ್ಟ್ ಕಾರ್ಡು ಸಿಕ್ಕಿಸಿದರೆ ಡಾಸ್ ಕಾಲದ ಇಂಗ್ಲಿಷ್ ಪ್ರೋಗ್ರಾಂಗಳಲ್ಲೂ ಕನ್ನಡ, ಮರಾಠಿ, ತಮಿಳು ಮೂಡುತ್ತಿದ್ದವು. ಒಂದೊಂದು ಪ್ರೋಗ್ರಾಂ ಅನ್ನೂ ಬಿಚ್ಚಿ ತಿದ್ದಲು ಆ ಎಂಜಿನಿಯರುಗಳು ಹೋಗಲಿಲ್ಲ. ಲಿಪಿಯ ಕಷ್ಟವನ್ನು ಅಡಿಪಾಯದಲ್ಲಿ ಒಮ್ಮೆ ಬಿಡಿಸಿದರು, ಮೇಲಿನವರೆಲ್ಲ ಅದರ ಫಲ ಉಂಡರು. ಕಾರ್ಡಿನ ಕಾಲ ಮುಗಿದು ಯೂನಿಕೋಡ್ ಬಂದಿದೆ. ಕ್ರಮ ಮಾತ್ರ ಈಗಲೂ ಸರಿಯಾದದ್ದೇ.

ಇಂದಿನ ತಂಡಗಳು ಮಾಡಬೇಕಾದ್ದು ಹೆಚ್ಚೇನಿಲ್ಲ. ಸಂಗ್ರಹವನ್ನು ತಂದ ಮೊದಲ ದಿನವೇ, ಒಂದು ಪುಟವನ್ನೂ ಬದಲಿಸುವ ಮುಂಚೆ, ಪ್ರತಿ ಕಾಂಪೊನೆಂಟಿಗೂ ಕನ್ನಡದ, ಮರಾಠಿಯ ಉದ್ದ ವಾಕ್ಯಗಳನ್ನೂ ಎರಡೊತ್ತಿನ ಪದಗಳನ್ನೂ ತುಂಬಿ ನೋಡಬೇಕು. ಎತ್ತರವನ್ನು ಅಂಕಿಯಲ್ಲಿ ಕಟ್ಟಿಹಾಕದೆ ಪಠ್ಯದೊಂದಿಗೆ ಬೆಳೆಯಲು ಬಿಡಬೇಕು. ಸ್ವೀಕಾರ, ತಿರಸ್ಕಾರ, ಬಾಕಿ, ಗಡುವು ಇವುಗಳನ್ನು ಹೇಳುವ ಸಾಲಿಗೆ ಮೂರು ಚುಕ್ಕೆಯ ಅನುಮತಿಯೇ ಇರಬಾರದು. ಜಾಗ ಸಾಲದಿದ್ದರೆ ಎರಡನೇ ಸಾಲಿಗೆ ಇಳಿಯಲಿ. ತಿದ್ದುಪಡಿಯನ್ನು ತಮ್ಮ ಪುಟದಲ್ಲಿ ಬಚ್ಚಿಡದೆ ಮೂಲ ಸಂಗ್ರಹಕ್ಕೆ ಒಪ್ಪಿಸಬೇಕು. ಡಿಜಿಟ್‌ನಂಥ ಮುಕ್ತ ತಂತ್ರಾಂಶದಲ್ಲಿ ಅದಕ್ಕೆ ಬಾಗಿಲು ತೆರೆದೇ ಇದೆ. ‘ರಾಷ್ಟ್ರೀಯತೆ’ ಹಿಡಿಸುವ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಪದದ ಎತ್ತರ ಸಲೀಸಾಗಿ ಹಿಡಿಸುತ್ತದೆ. ಇಂಗ್ಲಿಷಿಗೆಂದು ಅಳೆದ ಪೆಟ್ಟಿಗೆಗೆ ಆ ಭರವಸೆ ಇಲ್ಲ.

ಒಂದು ಡಿಸೈನ್ ಸಿಸ್ಟಮ್ ಅಳವಡಿಕೆ ಮುಗಿಯಿತೋ ಇಲ್ಲವೋ ಎಂದು ಹೇಳುವ ಹಕ್ಕು ಅದನ್ನು ಕಟ್ಟಿದ ಕೋಣೆಯವರಿಗಷ್ಟೇ ಸೇರಿದ್ದಲ್ಲ. ಕ್ಯಾಂಪಿನಲ್ಲೋ ಬೆಳಗಾವಿಯಲ್ಲೋ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಫೋನು ಹಿಡಿದವರು ತಮ್ಮ ಭಾಷೆಯ ವಾಕ್ಯವನ್ನು ಕೊನೆಯ ಅಕ್ಷರದ ತನಕ ಓದಿ, ಉತ್ತರ ಹೌದೋ ಇಲ್ಲವೋ ಎಂದು ತಿಳಿದಾಗ ಆ ಕೆಲಸ ಮುಗಿಯುತ್ತದೆ.